ಒಡೆದ ಬಟ್ಟಲಿಗೆ ಚಿನ್ನದ ಬೆಸುಗೆ

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಮಡಕೆ ಒಡೆಯುವಲ್ಲಿಗೆ ನಿಂತುಬಿಡುತ್ತದೆ. ಒಡೆದ ಮೇಲೆ ಚೂರುಗಳನ್ನು ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ಹೇಳುವ ಅಗತ್ಯ ಗಾದೆ ಕಟ್ಟಿದವರಿಗೆ ಕಂಡಿರಲಾರದು. ಒಡೆದ ಮಡಕೆಯ ಜಾಗ ತಿಪ್ಪೆ. ಆದರೆ ಜಪಾನಿನ ಚಹಾಕೂಟಗಳ ಆಶ್ರಯದಲ್ಲಿ ಬೆಳೆದ ಒಂದು ಕಸುಬು ಗಾದೆ ನಿಂತ ಜಾಗದಿಂದಲೇ ಹೊರಡುತ್ತದೆ. ಬಿರುಕುಬಿಟ್ಟ, ಚೂರಾದ ಬಟ್ಟಲುಗಳನ್ನು ಮರದ ಸೊನೆಯಿಂದ ಬೆಸೆದು, ಬೆಸುಗೆಯ ಗೆರೆಯನ್ನು ಮರೆಮಾಡುವ ಬದಲು ಎದ್ದು ಕಾಣುವಂತೆ ಅದರ ಮೇಲೆ ಚಿನ್ನದ ಪುಡಿ ಉದುರಿಸುವ ಈ ಕಸುಬಿನ ಹೆಸರು ಕಿಂತ್ಸುಗಿ. ‘ಕಿನ್’ ಎಂದರೆ ಚಿನ್ನ, ‘ತ್ಸುಗಿ’ ಎಂದರೆ ಬೆಸುಗೆ. ಈ ಎರಡನೆಯ ಪದದ ಮೂಲ ಕ್ರಿಯಾಪದಕ್ಕೆ ಇನ್ನೊಂದು ಅರ್ಥವೂ ಉಂಟು: ಹಿರಿಯರಿಂದ ಬಂದದ್ದನ್ನು ಮುಂದುವರಿಸುವುದು, ಮನೆತನಕ್ಕೆ ಉತ್ತರಾಧಿಕಾರಿಯಾಗುವುದು.

ಈ ಹೆಸರು ಇತ್ತೀಚಿನ ವರ್ಷಗಳಲ್ಲಿ ಜಪಾನಿನಾಚೆಗೂ ಬಹಳ ಸುತ್ತಾಡಿದೆ. ‘ಸ್ಟಾರ್ ವಾರ್ಸ್’ ಸರಣಿಯ 2019ರ ಚಿತ್ರದಲ್ಲಿ ಖಳನ ಒಡೆದ ಶಿರಸ್ತ್ರಾಣ ಕೆಂಪು ಗೆರೆಗಳ ಬೆಸುಗೆಯೊಡನೆ ತೆರೆಯ ಮೇಲೆ ಬಂದದ್ದು ಇದರ ಪ್ರೇರಣೆಯಿಂದ. 2021ರಲ್ಲಿ ಟೋಕಿಯೊ ಪ್ಯಾರಾಲಿಂಪಿಕ್ಸ್ ಮುಗಿದ ದಿನ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿಯ ಅಧ್ಯಕ್ಷ ಆಂಡ್ರ್ಯೂ ಪಾರ್ಸನ್ಸ್ ತಮ್ಮ ಸಮಾರೋಪ ಭಾಷಣದಲ್ಲಿ ಕಿಂತ್ಸುಗಿಯನ್ನು ನೆನೆದರು. ಮನೋಬಲ ಹೆಚ್ಚಿಸುವ ಪುಸ್ತಕಗಳಿಗಂತೂ ಇದು ಸಿದ್ಧ ರೂಪಕ. ಒಡೆದದ್ದು ಮೊದಲಿಗಿಂತ ಸುಂದರವಾಗುತ್ತದೆ, ನಿಮ್ಮ ಗಾಯಗಳೇ ನಿಮ್ಮ ಚಿನ್ನ ಎಂಬುದು ಆ ಪುಸ್ತಕಗಳ ಸಾರ. ಕೇಳಲು ಹಿತವಾದ ಮಾತೇ. ಆದರೆ ಬದುಕು ನಿಜವಾಗಿ ಮುರಿದುಬಿದ್ದವರ ಮುಂದೆ ನಿಂತು ಹೀಗೆನ್ನಲು ಸ್ವಲ್ಪ ಒರಟುತನವೇ ಬೇಕಾದೀತು. ಕಸುಬಿನ ಚರಿತ್ರೆಯನ್ನು ನೋಡಿದರೆ, ಅದನ್ನು ಬೆಳೆಸಿದವರು ಇಷ್ಟು ಸಲೀಸಾಗಿ ಏನನ್ನೂ ಹೇಳಿದಂತೆ ಕಾಣುವುದಿಲ್ಲ.

ಕಿಂತ್ಸುಗಿ ಹುಟ್ಟಿದ ಬಗ್ಗೆ ಎಲ್ಲೆಡೆ ಪ್ರಚಲಿತವಾಗಿರುವ ಒಂದು ಕಥೆಯಿದೆ. 15ನೇ ಶತಮಾನದಲ್ಲಿ ಜಪಾನಿನ ಷೋಗನ್, ಅಂದರೆ ಚಕ್ರವರ್ತಿಯ ಹೆಸರಿನಲ್ಲಿ ನಾಡನ್ನಾಳುತ್ತಿದ್ದ ಸೇನಾಧಿಪತಿ, ಅಷಿಕಾಗ ಯೊಷಿಮಾಸ. ಅವನ ಮೆಚ್ಚಿನ ಚೀನೀ ಬಟ್ಟಲೊಂದು ಬಿರುಕುಬಿಟ್ಟಿತು. ರಿಪೇರಿಗೆಂದು ಚೀನಾಕ್ಕೆ ಕಳುಹಿಸಿದರೆ ಅದು ಕಬ್ಬಿಣದ ಕೊಂಡಿಗಳನ್ನು ಬಡಿಸಿಕೊಂಡು ವಿಕಾರವಾಗಿ ಹಿಂತಿರುಗಿತು. ಅದನ್ನು ಕಂಡು ಬೇಸರಗೊಂಡ ಷೋಗನ್ ಇದಕ್ಕಿಂತ ಚೆಂದದ ದಾರಿ ಹುಡುಕಿರೆಂದು ತನ್ನ ಕುಶಲಕರ್ಮಿಗಳಿಗೆ ಹೇಳಿದ, ಅವರು ಚಿನ್ನದ ಬೆಸುಗೆಯನ್ನು ಕಂಡುಹಿಡಿದರು ಎಂಬುದು ಕಥೆ.

ಕಥೆಯ ಬಟ್ಟಲು ಕಾಲ್ಪನಿಕವಲ್ಲ. ಅದು ಇಂದಿಗೂ ಟೋಕಿಯೊ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ತೊಡಕಿರುವುದೂ ಅಲ್ಲಿಯೇ: ಆ ಬಟ್ಟಲಿನ ಮೇಲೆ ಚಿನ್ನದ ಗೆರೆಯಿಲ್ಲ, ಇರುವುದು ಅದೇ ಕಬ್ಬಿಣದ ಕೊಂಡಿಗಳು.

ಚೀನಾದ ಲಾಂಗ್‌ಚುವಾನ್ ಆವಿಗೆಗಳಲ್ಲಿ 13ನೇ ಶತಮಾನದಲ್ಲಿ ತಯಾರಾದ, ತಿಳಿಹಸಿರು ಮೆರುಗಿನ, ಹೂವಿನಂತೆ ಅಂಚು ಬಿಡಿಸಿಕೊಂಡ ಬಟ್ಟಲು ಅದು. ಕ್ಯೋಟೊ ನಗರದ ವಿದ್ವಾಂಸ ಇತೊ ತೊಗಾಯಿ 1727ರಲ್ಲಿ ಅದರ ಪೂರ್ವಚರಿತ್ರೆಯನ್ನು ಬರೆದಿಟ್ಟ. ಅವನ ಪ್ರಕಾರ ಬಟ್ಟಲು ಮೊದಲು ಬಂದದ್ದು 12ನೇ ಶತಮಾನದ ಸರದಾರ ತೈರಾ ನೊ ಷಿಗೆಮೊರಿಗೆ. ಚೀನಾದ ಬೌದ್ಧ ವಿಹಾರವೊಂದಕ್ಕೆ ಅವನು ಚಿನ್ನ ದಾನ ಮಾಡಿದ್ದಕ್ಕೆ ಪ್ರತಿಯಾಗಿ ಬಂದ ಕಾಣಿಕೆಯಂತೆ. ಆ ವಿಹಾರದ ಹೆಸರು ‘ಅಶೋಕ ರಾಜನ ಬೆಟ್ಟ’, ಮಸ್ಕಿಯ ಶಿಲೆಯ ಮೇಲೆ ಹೆಸರು ಕೊರೆಸಿದ ಅದೇ ಅಶೋಕ. ಷಿಗೆಮೊರಿ ತೀರಿಕೊಂಡದ್ದು 1179ರಲ್ಲಿ. ಬಟ್ಟಲು 13ನೇ ಶತಮಾನದ್ದೆಂದ ಮೇಲೆ ಕಥೆಯ ಈ ಭಾಗವನ್ನು ನಂಬುವುದು ಕಷ್ಟ. ಮುಂದಿನ ಭಾಗದಲ್ಲಿ ಬಟ್ಟಲು ಯೊಷಿಮಾಸನ ಕೈಸೇರುತ್ತದೆ. ತಳದಲ್ಲಿ ಬಿರುಕು ಕಂಡಾಗ ಅವನು ಕೇಳಿದ್ದು ರಿಪೇರಿಯನ್ನಲ್ಲ ಎನ್ನುತ್ತಾನೆ ತೊಗಾಯಿ. ಇಂಥದೇ ಇನ್ನೊಂದು ಬಟ್ಟಲು ಬೇಕು ಎಂದು ಅವನು ಮಾದರಿಗಾಗಿ ಒಡಕು ಬಟ್ಟಲನ್ನು ಮಿಂಗ್ ಅರಸರ ಚೀನಾಕ್ಕೆ ಕಳುಹಿಸಿದ್ದ. ಇಂಥದನ್ನು ಮಾಡುವವರು ಈಗ ಇಲ್ಲಿಯೂ ಇಲ್ಲ ಎಂಬ ಉತ್ತರದೊಡನೆ ಅದೇ ಬಟ್ಟಲು ಕೊಂಡಿ ಹಾಕಿಸಿಕೊಂಡು ಮರಳಿತು.

ಯೊಷಿಮಾಸನ ಕಾಲವನ್ನು ನೆನೆದರೆ ಈ ಉತ್ತರದ ತೂಕ ತಿಳಿಯುತ್ತದೆ. ಅವನ ಉತ್ತರಾಧಿಕಾರಿ ಯಾರೆಂಬ ಜಗಳವೂ ಸೇರಿ ಹೊತ್ತಿಕೊಂಡ ಓನಿನ್ ಯುದ್ಧ 1467ರಿಂದ 1477ರವರೆಗೆ ನಡೆದು ಕ್ಯೋಟೊವನ್ನು ಬೂದಿಮಾಡಿತು. ಆಳಲು ಬಾರದ ಷೋಗನ್ ಎಂದು ಇತಿಹಾಸಕಾರರು ಅವನನ್ನು ಹಳಿದಿದ್ದಾರೆ. ಕಲೆಯ ಪೋಷಕನೆಂದು ಅಷ್ಟೇ ಹೊಗಳಿದ್ದಾರೆ. ಯುದ್ಧದ ನಂತರ ನಗರದ ಪೂರ್ವದ ಬೆಟ್ಟದ ತಪ್ಪಲಲ್ಲಿ ಅವನು ಕಟ್ಟಿಸಿಕೊಂಡ ಏಕಾಂತದ ಮನೆಯೇ ಇಂದು ಪ್ರವಾಸಿಗರು ಮುಗಿಬಿದ್ದು ನೋಡುವ ‘ಬೆಳ್ಳಿಯ ಮಂಟಪ’. ಅದಕ್ಕೆ ಬೆಳ್ಳಿಯ ಲೇಪ ಇಲ್ಲವೆಂಬುದು ಬೇರೆ ಮಾತು. ಸುಟ್ಟುಹೋದ ನಗರದ ಆ ಒಡೆಯನ ಕೈಗೆ ಮತ್ತೆ ಸಿಗದಂಥ ಒಂದು ಬಟ್ಟಲು ಕೊಂಡಿಗಳ ಸಮೇತ ಬಂತು. ಅದನ್ನು ಯಾರೂ ಎಸೆಯಲಿಲ್ಲ, ಕೊಂಡಿ ಕಿತ್ತು ಚಿನ್ನ ಬಳಿಯಲಿಲ್ಲ. ಬಟ್ಟಲ ಮೈಮೇಲೆ ಕುಳಿತಂತಿರುವ ಕೊಂಡಿಗಳಲ್ಲಿ ದೊಡ್ಡದೊಂದು ಮಿಡತೆಯನ್ನು ಕಂಡ ರಸಿಕರು ಅದಕ್ಕೆ ‘ಬಕೊಹಾನ್’ ಎಂದು, ಮಿಡತೆಯ ಹೆಸರನ್ನೇ ಇಟ್ಟರು. ಕೊಂಡಿಯಿಂದಲೇ ಅದರ ಕೀರ್ತಿ ಹೆಚ್ಚಿತು.

ಕೊಂಡಿ ಹಾಕುವುದೇನೂ ಕೀಳು ಕೆಲಸವಲ್ಲ. ಪಿಂಗಾಣಿಯ ಹೊರಮೈಯಲ್ಲಿ ಬಿರುಕಿನ ಎರಡೂ ಬದಿಗೆ, ಆರಪಾರ ಹೋಗದಷ್ಟು ಆಳಕ್ಕೆ ಸಣ್ಣ ತೂತು ಕೊರೆದು ಕೊಂಡಿಯ ಕಾಲುಗಳನ್ನು ಬಿಗಿಯಾಗಿ ಕೂರಿಸಬೇಕು. ಇದಕ್ಕೆ ವಜ್ರದ ಮೊನೆಯ ಬೈರಿಗೆ ಬೇಕು. ವಜ್ರದ ಬೈರಿಗೆ ಇಲ್ಲದವನು ಪಿಂಗಾಣಿಯ ಕೆಲಸ ಒಪ್ಪಿಕೊಳ್ಳಬಾರದು ಎಂಬ ಚೀನೀ ಗಾದೆ ಹುಟ್ಟಿದ್ದು ಹೀಗೆ.

ಹಾಗಾದರೆ ಚಿನ್ನ ಬಂದದ್ದು ಎಲ್ಲಿಂದ? ಕಿಂತ್ಸುಗಿಯಲ್ಲಿ ಚಿನ್ನ ಕೊನೆಯ ತೆಳು ಪದರ ಮಾತ್ರ. ಚೂರನ್ನು ಚೂರಿಗೆ ಹಿಡಿದಿಡುವ ಕೆಲಸ ಅದರದ್ದಲ್ಲ. ಆ ಕೆಲಸ ಉರುಷಿ ಎಂಬ ಮರದ ಸೊನೆಯದು. ಜಪಾನಿನ ಆದಿಮ ಜೋಮೊನ್ ಸಂಸ್ಕೃತಿಯ ನೆಲೆಗಳಲ್ಲಿಯೇ ಉರುಷಿಯಿಂದ ಬೆಸೆದ ಮಡಕೆಗಳು ಸಿಕ್ಕಿವೆ. ಸಾವಿರಾರು ವರ್ಷ ಹಳೆಯ ಆ ಬೆಸುಗೆಗಳಿಗೆ ಯಾವ ತತ್ತ್ವಜ್ಞಾನದ ಹಂಗೂ ಇರಲಿಲ್ಲ. ಮಡಕೆ ಬೇಕಾಗಿತ್ತು, ಬೆಸೆದರು. ಚಿನ್ನದ ಪುಡಿ ಬಂದದ್ದು ಬೇರೆ ದಾರಿಯಿಂದ. ಹಸಿ ಉರುಷಿಯಿಂದ ಚಿತ್ರ ಬರೆದು, ಅದು ಒಣಗುವ ಮುಂಚೆ ಚಿನ್ನ ಬೆಳ್ಳಿಗಳ ಪುಡಿ ಉದುರಿಸುವ ‘ಮಾಕಿ-ಎ’ ಕಲೆ ಜಪಾನಿನಲ್ಲಿ ಸಾವಿರ ವರ್ಷದ ಹಿಂದೆಯೇ ಪಳಗಿತ್ತು. ಹಳೆಯ ಬೆಸುಗೆಯೂ ಈ ಅಲಂಕಾರವೂ ಒಂದೇ ಕೈಯಲ್ಲಿ ಕೂಡಿದಾಗ ಕಿಂತ್ಸುಗಿಯಾಯಿತು. ಆದಕಾರಣ ಇದು ಕುಂಬಾರರ ವಿದ್ಯೆಯಲ್ಲ, ಮೆರುಗೆಣ್ಣೆಯ ಕೆಲಸದವರ ವಿದ್ಯೆ.

ಉರುಷಿಯನ್ನು ಕನ್ನಡದಲ್ಲಿ ಅರಗು ಎನ್ನುವ ಮನಸ್ಸಾಗಬಹುದು. ಆದರೆ ಅದು ಸರಿಯಲ್ಲ. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವ ಅರಗು ಒಂದು ಕೀಟದ ಸ್ರಾವ. ಬಿಸಿಗೆ ಕರಗಿ, ಆರಿದಾಗ ಗಟ್ಟಿಯಾಗುವಂಥದು. ಲಾಕ್ಷಾ ಎಂಬ ಭಾರತದ ಪದದಿಂದಲೇ ಇಂಗ್ಲಿಷಿಗೆ ‘ಲ್ಯಾಕರ್’ ಬಂತು, ಐರೋಪ್ಯರು ಜಪಾನಿನ ಸೊನೆಗೂ ಅದೇ ಹೆಸರನ್ನು ಅಂಟಿಸಿ ಗೊಂದಲ ಮಾಡಿದರು. ಉರುಷಿ ಮರ ಮಾವು ಮತ್ತು ಗೇರಿನ ಸಸ್ಯಕುಟುಂಬಕ್ಕೆ ಸೇರಿದ್ದು. ಮಾವಿನಕಾಯಿಯ ಸೊನೆ ತಗುಲಿ ತುಟಿ ಸುಟ್ಟುಕೊಂಡವರಿಗೆ, ಹಸಿ ಗೇರುಬೀಜ ಒಡೆಯಲು ಹೋಗಿ ಕೈ ಬೊಬ್ಬೆ ಎಬ್ಬಿಸಿಕೊಂಡವರಿಗೆ ಅದರ ಗುಣ ವಿವರಿಸಬೇಕಾಗಿಲ್ಲ. ಅಗಸರು ಬಟ್ಟೆಗೆ ಅಳಿಸಲಾಗದ ಗುರುತು ಹಾಕುತ್ತಿದ್ದ ಕರಿಗೇರೂ ಇದೇ ಬಳಗದ್ದು. ಹಸಿ ಉರುಷಿ ಚರ್ಮಕ್ಕೆ ತಾಗಿದರೆ ತುರಿಕೆ, ಊತ, ಗುಳ್ಳೆ. ಒಮ್ಮೆ ಗಟ್ಟಿಯಾಯಿತೆಂದರೆ ಮಾತ್ರ ಯಾವ ಅಪಾಯವೂ ಇಲ್ಲ. ನೀರು, ಉಪ್ಪು, ಹುಳಿ ಯಾವುದಕ್ಕೂ ಅದು ಜಗ್ಗುವುದಿಲ್ಲ. ಬಿರುಬಿಸಿಲೊಂದೇ ಅದರ ಶತ್ರು.

ಈ ಸೊನೆ ಒಣಗುವ ರೀತಿಯೂ ವಿಚಿತ್ರ. ಬಟ್ಟೆ ಒಣಗುವಂತೆ ನೀರು ಆರಿ ಅದು ಒಣಗುವುದಲ್ಲ. ಅದರಲ್ಲಿರುವ ಒಂದು ಕಿಣ್ವ ಗಾಳಿಯ ಆಮ್ಲಜನಕವನ್ನು ಹಿಡಿದುಕೊಂಡು ಸೊನೆಯನ್ನು ಗಟ್ಟಿಮಾಡುತ್ತದೆ. ಆ ಕಿಣ್ವ ಚುರುಕಾಗಬೇಕಾದರೆ ಗಾಳಿಯಲ್ಲಿ ತೇವ ಇರಬೇಕು. ಶೇಕಡ 70ರಿಂದ 85ರಷ್ಟು ತೇವ, 20ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚನೆ ಇದ್ದರೆ ಅನುಕೂಲ. ಮಲೆನಾಡಿನ ಮಳೆಗಾಲದಲ್ಲಿ ಉಪ್ಪಿನ ಮರಿಗೆ ನೀರೊಡೆಯುವಂಥ ಹವೆ ಉರುಷಿಗೆ ಹಬ್ಬ. ಇಂಥ ಹವೆಯನ್ನು ಕಾಪಾಡಲು ಕೆಲಸಗಾರರು ಒದ್ದೆ ಮಾಡಿದ ಮರದ ಕಪಾಟುಗಳನ್ನು ಇಟ್ಟುಕೊಂಡಿರುತ್ತಾರೆ.

ಕೆಲಸ ಶುರುವಾಗುವುದು ಚೂರುಗಳ ಚೂಪಾದ ಅಂಚುಗಳನ್ನು ಹಗುರಾಗಿ ಉಜ್ಜಿ, ಅವಕ್ಕೆ ಹಸಿ ಉರುಷಿ ಸವರುವುದರಿಂದ. ಬಳಿಕ ಗೋಧಿಹಿಟ್ಟನ್ನು ನೀರಿನಲ್ಲಿ ಕಲಸಿ, ಉರುಷಿ ಬೆರೆಸಿ, ಎಳೆದರೆ ನೂಲು ಬರುವಷ್ಟು ನಾದಿ ಅಂಟು ಸಿದ್ಧಮಾಡುತ್ತಾರೆ. ಅದನ್ನು ಎರಡೂ ಅಂಚುಗಳಿಗೆ ಹಚ್ಚಿ, ಕೊಂಚ ಬಿಗಿಯಲು ಬಿಟ್ಟು, ಚೂರುಗಳನ್ನು ಒತ್ತಿ ಕೂಡಿಸಿ, ಕಟ್ಟಿ ಕಪಾಟಿನಲ್ಲಿಟ್ಟರೆ ಒಂದೆರಡು ವಾರ ಅದನ್ನು ಮುಟ್ಟುವಂತಿಲ್ಲ. ಚೂರು ಕಳೆದುಹೋದ ಜಾಗಕ್ಕೆ ಮರದ ಹುಡಿ ಬೆರೆಸಿದ ಉರುಷಿಯನ್ನು, ಸಣ್ಣ ಮುಕ್ಕುಗಳಿಗೆ ನುಣ್ಣನೆಯ ಮಣ್ಣಿನ ಪುಡಿ ಬೆರೆಸಿದ್ದನ್ನು ತುಂಬುತ್ತಾರೆ. ಒಂದೇ ಸಲ ದಪ್ಪಗೆ ತುಂಬಿದರೆ ಒಳಗೆ ಹಸಿಯಾಗಿಯೇ ಉಳಿಯುವುದರಿಂದ ಪದರ ಪದರವಾಗಿ ತುಂಬಬೇಕು, ಪ್ರತಿ ಪದರವೂ ಒಣಗುವವರೆಗೆ ಕಾಯಬೇಕು, ಇದ್ದಿಲಿನಿಂದ ಉಜ್ಜಿ ನಯ ಮಾಡಬೇಕು. ಆಮೇಲೆ ಕಪ್ಪು ಉರುಷಿಯ ಲೇಪ, ಮತ್ತೆ ಉಜ್ಜುವಿಕೆ. ಕಟ್ಟಕಡೆಗೆ ಬೆಸುಗೆಯ ಮೇಲೆ ತೆಳ್ಳನೆಯ ಕುಂಚದಿಂದ ಕೆಂಪು ಉರುಷಿಯ ಗೆರೆ. ಅದು ಪೂರಾ ಒಣಗದೆ ಇನ್ನೂ ಅಂಟಂಟಾಗಿರುವ ಗಳಿಗೆಯನ್ನು ಕಾದು, ರೇಷ್ಮೆಯ ಉಂಡೆಯಿಂದ ಚಿನ್ನದ ಪುಡಿಯನ್ನು ಅದರ ಮೇಲೆ ತಟ್ಟುತ್ತಾರೆ. ಬೇಗ ತಟ್ಟಿದರೆ ಚಿನ್ನ ಮುಳುಗುತ್ತದೆ, ತಡವಾದರೆ ಅಂಟುವುದಿಲ್ಲ. ಮೆರುಗು ಕೊಡಲು ಅಗೇಟು ಕಲ್ಲು, ಅಥವಾ ತೈ ಎಂಬ ಕಡಲ ಮೀನಿನ ಹಲ್ಲು.

ಇಷ್ಟಾಗುವ ಹೊತ್ತಿಗೆ ತಿಂಗಳುಗಳು ಉರುಳಿರುತ್ತವೆ. ಕುಂಬಾರನಿಗೆ ವರುಷ ಹಿಡಿಯಿತೋ ಇಲ್ಲವೋ, ಬೆಸೆಯುವವನಿಗೆ ಒಂದು ಋತುವಾದರೂ ಬೇಕು. ಕೊರತೆಯನ್ನು ಒಪ್ಪಿಕೊಳ್ಳುವ ಕಲೆ ಎಂದು ಹೆಸರಾದ ಇದರಲ್ಲಿ ಕೆಲಸಗಾರನ ಕೈಯ ಕೊರತೆಗೆ ಕಿಂಚಿತ್ತೂ ರಿಯಾಯಿತಿಯಿಲ್ಲ ಎಂಬುದನ್ನು ಗಮನಿಸಬೇಕು. ಬೆಸುಗೆ ಕಣ್ಣಿಗೆ ಕಾಣಬೇಕು, ಆದರೆ ಬೆರಳಿಗೆ ತಡೆಯಬಾರದು.

ಇಷ್ಟು ಶ್ರಮಕ್ಕೆ ಯೋಗ್ಯವಾದ ಬಟ್ಟಲು ಯಾವುದು ಎಂದು ನಿರ್ಣಯಿಸಿದವರು 16 ಮತ್ತು 17ನೇ ಶತಮಾನಗಳ ಚಹಾಗುರುಗಳು ಮತ್ತು ಅವರ ಶಿಷ್ಯರಾಗಿದ್ದ ಸರದಾರರು. ಸೆನ್ ನೊ ರಿಕ್ಯು (1522-1591) ಅವರಲ್ಲಿ ಅಗ್ರಗಣ್ಯ. ಚೀನಾದ ನುಣುಪಾದ ಪಾತ್ರೆಗಳ ಜಾಗಕ್ಕೆ ಒರಟು ಮೈಯ, ಚಕ್ರದ ಮೇಲೆ ತಿರುಗಿಸದೆ ಕೈಯಲ್ಲೇ ತಟ್ಟಿದ ಬಟ್ಟಲುಗಳು ಬಂದದ್ದು ಅವನ ಕಾಲದಲ್ಲಿ. ಬಟ್ಟಲಿನ ಮೇಲೆ ಮೆರುಗು ಇಳಿದ ಜಾಡು, ಆವಿಗೆಯ ಬೆಂಕಿ ತಾಗಿದ ಕಲೆ, ಬಿರುಕು, ಬೆಸುಗೆ ಎಲ್ಲವನ್ನೂ ಒಟ್ಟಾಗಿ ಸೂಚಿಸಲು ಚಹಾಪ್ರಿಯರು ಬಳಸುವ ಪದ ‘ಕೆಷಿಕಿ’. ಅದರ ಸಾಮಾನ್ಯ ಅರ್ಥ ನಿಸರ್ಗದ ನೋಟ. ಬೆಟ್ಟ ಹೊಳೆಗಳನ್ನು ನೋಡುವಂತೆ ಬಟ್ಟಲನ್ನು ಅಂಗೈಯಲ್ಲಿ ತಿರುಗಿಸಿ ನೋಡುವುದು.

ರಿಕ್ಯುವಿನ ಬಗ್ಗೆ ಚಹಾವಲಯದಲ್ಲಿ ಹೇಳುವ ಕಥೆಯೊಂದುಂಟು. ಒಬ್ಬ ಮನುಷ್ಯ ಉನ್ಜಾನ್ ಎಂಬ ಹೆಸರಾಂತ ಚಹಾಪುಡಿಯ ಭರಣಿಯನ್ನು ಸಂಪಾದಿಸಿ, ರಿಕ್ಯುವನ್ನು ಚಹಾಕ್ಕೆ ಕರೆದ. ಗುರು ಅದರತ್ತ ವಿಶೇಷ ಗಮನವನ್ನೇ ಕೊಡಲಿಲ್ಲ. ಅತಿಥಿ ಹೊರಟುಹೋದೊಡನೆ ಅವಮಾನದಿಂದ ಕುದಿದ ಆ ಮನುಷ್ಯ ಭರಣಿಯನ್ನು ಒಲೆಯ ಕಬ್ಬಿಣದ ಮುಕ್ಕಾಲಿಗೆ ಅಪ್ಪಳಿಸಿ ಒಡೆದ. ಅಲ್ಲಿದ್ದವನೊಬ್ಬ ಚೂರುಗಳನ್ನು ಬೇಡಿ ಪಡೆದು, ತಾನೇ ಬೆಸೆದು, ಮತ್ತೊಮ್ಮೆ ರಿಕ್ಯುವಿನ ಮುಂದಿಟ್ಟ. ಈಗ ಇದು ನಿಜಕ್ಕೂ ಸೊಗಸಾಗಿದೆ ಎಂದನಂತೆ ರಿಕ್ಯು. ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಇಂದಿನ ಪುಸ್ತಕಗಳ ಸಂದೇಶಕ್ಕೆ ಸರಿಹೊಂದುತ್ತಿತ್ತು. ಅದರ ಉತ್ತರಾರ್ಧವೇ ಹೆಚ್ಚು ಸ್ವಾರಸ್ಯ. ಕಾಲಾನಂತರ ಭಾರಿ ಬೆಲೆ ತೆತ್ತು ಆ ಭರಣಿಯನ್ನು ಕೊಂಡ ಸರದಾರನಿಗೆ ಹಳೆಯ ಬೆಸುಗೆ ಒಡ್ಡೊಡ್ಡಾಗಿ ಕಂಡಿತು; ಅಂಚುಗಳು ಸರಿಯಾಗಿ ಕೂತಿರಲಿಲ್ಲ. ಬಿಚ್ಚಿಸಿ ಚೊಕ್ಕವಾಗಿ ಬೆಸೆಸಲೇ ಎಂದು ಆತ ಚಹಾಗುರು ಕೊಬೊರಿ ಎನ್ಷುವನ್ನು (1579-1647) ಕೇಳಿದ. ಅಂಚು ಕೂಡದೆ ಇರುವುದನ್ನು ನೋಡಿಯೇ ರಿಕ್ಯು ಮೆಚ್ಚಿದ್ದು, ಇದ್ದಂತೆಯೇ ಇರಲಿ ಎಂದ ಎನ್ಷು. ಅಲ್ಲಿ ಮೆಚ್ಚುಗೆ ಪಡೆದದ್ದು ಚಿನ್ನದ ಹೊಳಪಲ್ಲ, ಕೆಟ್ಟ ಬೆಸುಗೆ.

ಸರದಾರ ತೊಯೊತೊಮಿ ಹಿದೆಯೊಷಿಗೆ ‘ತ್ಸುತ್ಸುಇ-ಜುತ್ಸು’ ಎಂಬ ಕೊರಿಯಾದ ಬಟ್ಟಲೊಂದು ಪ್ರಾಣದಷ್ಟು ಪ್ರಿಯವಾಗಿತ್ತು. ಚಹಾಕೂಟವೊಂದರಲ್ಲಿ ಊಳಿಗದ ಹುಡುಗ ಅದನ್ನು ಕೈಜಾರಿಸಿದ. ಬಟ್ಟಲು ಐದು ಹೋಳಾಯಿತು. ಹಿದೆಯೊಷಿಯ ಸಿಟ್ಟು ಎಂಥದೆಂದು ಬಲ್ಲ ಸಭೆ ಉಸಿರು ಬಿಗಿಹಿಡಿದು ಕೂತಿರುವಾಗ, ಕವಿಯೂ ಯೋಧನೂ ಆಗಿದ್ದ ಹೊಸೊಕಾವ ಯೂಸಾಯಿ ಹಳೆಯ ಕಾವ್ಯವೊಂದರ ಸಾಲುಗಳನ್ನು ತಿರುಚಿ ಆಶುಪದ್ಯ ಕಟ್ಟಿ, ಐದು ಹೋಳಿನ ತಪ್ಪನ್ನೆಲ್ಲ ತನ್ನ ಮೇಲೆಳೆದುಕೊಂಡ. ಹಿದೆಯೊಷಿ ನಕ್ಕುಬಿಟ್ಟ, ಹುಡುಗ ಬದುಕಿಕೊಂಡ. ಬೆಸೆದ ಬಟ್ಟಲು ಇಂದೂ ಉಳಿದಿದೆ. ಅದರ ಗೆರೆಗಳನ್ನು ನೋಡುವವರು ನೆನೆಯುವುದು ಅಪೂರ್ಣತೆಯ ಸಿದ್ಧಾಂತವನ್ನಲ್ಲ, ಒಬ್ಬ ಹುಡುಗನ ತಲೆ ಉಳಿದ ಆ ಗಳಿಗೆಯನ್ನು.

ಎಲ್ಲ ಕಥೆಗಳೂ ಹೀಗೆ ಮೃದುವಲ್ಲ. ರಿಕ್ಯುವಿನ ಶಿಷ್ಯ ಫುರುತಾ ಒರಿಬೆ ಒಂದು ಕೊರಿಯನ್ ಬಟ್ಟಲು ತೀರ ದೊಡ್ಡದಾಯಿತೆಂದು ಅದನ್ನು ಅಡ್ಡಕ್ಕೂ ಉದ್ದಕ್ಕೂ ಸೀಳಿ, ಕಿರಿದಾಗಿಸಿ ಮತ್ತೆ ಬೆಸೆಸಿದ ಎಂಬ ಪ್ರತೀತಿಯಿದೆ. ಶಿಲುಬೆಯಾಕಾರದ ಬೆಸುಗೆ ಹೊತ್ತ ಆ ಬಟ್ಟಲು ಟೋಕಿಯೊದ ಮಿತ್ಸುಯಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿದೆ. ಒಡಕಿನ ಸೊಗಸು ಒಮ್ಮೆ ಫ್ಯಾಷನ್ ಆಯಿತೆಂದರೆ ಬೇಕೆಂದೇ ಒಡೆಯುವವರೂ ಹುಟ್ಟಿಕೊಳ್ಳುತ್ತಾರೆ! ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಹೊನಾಮಿ ಕೊಯೆತ್ಸು (1558-1637) ಮಾಡಿದ ‘ಸೆಪ್ಪೊ’. ಖಡ್ಗಗಳ ಪರೀಕ್ಷಕರ ಮನೆತನದಲ್ಲಿ ಹುಟ್ಟಿ ಸುಂದರ ಬರವಣಿಗೆಗೆ ಹೆಸರಾದ ಕೊಯೆತ್ಸು, ಆವಿಗೆಯಲ್ಲೇ ದೊಡ್ಡದಾಗಿ ಬಿರಿದು ಬಂದ ತನ್ನ ಕೆಂಪು ಬಟ್ಟಲನ್ನು ಎಸೆಯಲಿಲ್ಲ. ಬಿರುಕಿಗೆ ಉರುಷಿ ತುಂಬಿ ಚಿನ್ನ ಹಾಕಲಾಯಿತು. ಅಂಚಿನಿಂದ ಇಳಿದ ಬಿಳಿ ಮೆರುಗು ಹಿಮ, ಚಿನ್ನದ ಬಿರುಕುಗಳು ಹಿಮ ಕರಗಿ ಹರಿಯುವ ತೊರೆಗಳು ಎಂಬ ಭಾವದಿಂದ ಅದಕ್ಕೆ ‘ಹಿಮಶಿಖರ’ ಎಂಬ ಹೆಸರು ಬಂತು.

ಸಾಮಾನ್ಯರ ಮನೆಯ ಒಡಕು ಬಟ್ಟಲುಗಳಿಗೆ ಈ ಭಾಗ್ಯ ಇರಲಿಲ್ಲ. 18ನೇ ಶತಮಾನದ ಕೊನೆಯ ಹೊತ್ತಿಗೆ ಇಂದಿನ ಟೋಕಿಯೊ ಆಗಿರುವ ಎದೊ ನಗರದ ಬೀದಿಗಳಲ್ಲಿ ಬೇರೊಂದು ಬಗೆಯ ಬೆಸುಗೆಗಾರರು ತಿರುಗುತ್ತಿದ್ದರು. ಸೀಸ ಬೆರೆಸಿದ ಗಾಜಿನ ಪುಡಿಯನ್ನು ಒಡಕಿಗೆ ಹಚ್ಚಿ ಮತ್ತೆ ಕಾಯಿಸಿ ಕೂಡಿಸುವ ಆ ಕೆಲಸ ಅಗ್ಗ, ಬೇಗ ಮುಗಿಯುವಂಥದು. ಅನ್ನದ ಬಟ್ಟಲಿಗೆ ಅದು ಸಾಕಾಗಿತ್ತು. ಅವರ ಕೈದಾಟಿದ ಬಟ್ಟಲುಗಳಿಗೆ ಕಾವ್ಯಮಯ ಹೆಸರು ಇಟ್ಟವರಿಲ್ಲ.

ಇಂದು ಅಗ್ಗದ ದಾರಿ ಮತ್ತೊಂದು ವೇಷದಲ್ಲಿ ಬಂದಿದೆ. ಉರುಷಿಯ ಬದಲು ಎಪಾಕ್ಸಿ ಅಂಟು, ಚಿನ್ನದ ಬದಲು ಹಿತ್ತಾಳೆಯ ಪುಡಿ ಇರುವ ಪೊಟ್ಟಣಗಳು ಲೋಕವೆಲ್ಲ ಮಾರಾಟವಾಗುತ್ತಿವೆ. ಒಂದೇ ಸಂಜೆಯಲ್ಲಿ ಕೆಲಸ ಮುಗಿಯುತ್ತದೆ. ನೋಡಲು ಚೆನ್ನಾಗಿಯೂ ಇರುತ್ತದೆ, ಆದರೆ ಅಂಥ ಬಟ್ಟಲಿನಲ್ಲಿ ಬಿಸಿ ಚಹಾ ಕುಡಿಯುವ ಮುನ್ನ ಅಂಟು ಆಹಾರಕ್ಕೆ ಯೋಗ್ಯವೇ ಎಂದು ನೋಡಿಕೊಳ್ಳುವುದು ಒಳಿತು. ಉರುಷಿಯ ಬೆಸುಗೆಯ ಉದ್ದೇಶವೇ ಬಟ್ಟಲು ಮತ್ತೆ ಬಳಕೆಗೆ ಬರುವುದಾಗಿತ್ತು.

ಅಸಲಿ ಉರುಷಿಗೆ ಬೇರೆಯೇ ತೊಂದರೆಯಿದೆ. ಜಪಾನಿನಲ್ಲಿ ಬಳಕೆಯಾಗುವ ಉರುಷಿಯ ಶೇಕಡ 90ಕ್ಕೂ ಹೆಚ್ಚು ಪಾಲು ಚೀನಾದಿಂದ ಬರುತ್ತದೆ. ದೇಶದೊಳಗಿನ ಉತ್ಪಾದನೆಯ ಬಹುಪಾಲು ಉತ್ತರದ ಇವಾತೆ ಪ್ರಾಂತದ ಜೊಬೊಜಿ ಎಂಬ ಊರಿನದು. ಪುರಾತನ ದೇಗುಲಗಳ ಜೀರ್ಣೋದ್ಧಾರಕ್ಕೆ ದೇಶೀಯ ಉರುಷಿಯನ್ನೇ ಬಳಸಬೇಕೆಂದು ಜಪಾನಿನ ಸಂಸ್ಕೃತಿ ಇಲಾಖೆ 2015ರಲ್ಲಿ ಸೂಚಿಸಿದ ಮೇಲೆ ಬೇಡಿಕೆ ಏರಿತು. 2020ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ, ಜಪಾನಿನ ಮರದ ಕಟ್ಟಡಗಳನ್ನು ಕಾಪಾಡುವ ವಿದ್ಯೆಗಳಲ್ಲಿ ಉರುಷಿ ತಯಾರಿಕೆಯೂ ಒಂದು. 2024ರ ಜನವರಿ 1ರಂದು ನೊತೊ ಪರ್ಯಾಯದ್ವೀಪದಲ್ಲಿ 7.6 ತೀವ್ರತೆಯ ಭೂಕಂಪವಾದಾಗ, ಉರುಷಿ ಸಾಮಾನುಗಳಿಗೆ ಜಪಾನಿನಲ್ಲೇ ಹೆಸರಾದ ವಾಜಿಮ ಪಟ್ಟಣದ ಮನೆ, ಕಾರ್ಯಾಗಾರಗಳು ಕುಸಿದವು. ಬೆಳಗಿನ ಸಂತೆಯ ಬೀದಿ ಬೆಂಕಿಗೆ ಆಹುತಿಯಾಯಿತು. ಅದೇ ಸೆಪ್ಟೆಂಬರಿನಲ್ಲಿ ನೆರೆಯೂ ಬಂತು.

ಸೊನೆ ಇಳಿಸುವ ಕೆಲಸ ಜೂನ್‌ನಲ್ಲಿ ಶುರುವಾಗಿ ಶರತ್ಕಾಲದವರೆಗೆ ನಡೆಯುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಮರದ ತೊಗಟೆಗೆ ಹೊಸ ಗೀರು ಹಾಕಿ, ಒಸರಿದ ಹನಿಗಳನ್ನು ಕೆರೆದು ತೆಗೆಯುತ್ತಾರೆ. ಒಂದು ಮರದಿಂದ ಇಡೀ ಋತುವಿನಲ್ಲಿ ಸಿಗುವುದು ಸುಮಾರು 200 ಮಿಲಿಲೀಟರ್, ಅಂದರೆ ಒಂದು ಲೋಟದಷ್ಟು ಸೊನೆ. ಋತು ಮುಗಿದಾಗ ಮೈಯೆಲ್ಲ ಗೀರಾದ ಆ ಮರವನ್ನು ಕಡಿದುಬಿಡುತ್ತಾರೆ. ಬುಡದಿಂದ ಚಿಗುರು ಏಳುತ್ತದೆ, ಪಕ್ಕದಲ್ಲಿ ಸಸಿಯನ್ನೂ ನೆಡುತ್ತಾರೆ. ಅದಕ್ಕೆ ಮೊದಲ ಗೀರು ಹಾಕಲು ಹತ್ತರಿಂದ ಹದಿನೈದು ವರ್ಷ ಕಾಯಬೇಕು.